ಹಿತ್ತಾಳಿ ಕೊಡಕ್ಕ ಬೂದಿ ಬಳಿದದ್ದು

ಸುಳ್ಳಂತ ಯಾರರ ಅನ್ರಿ ನೋಡೋಣು: ಹಾನಗಲ್ಲಿನಿಂದ ಹಿರೇಕೆರೂರಿನತನಕ ಹಿತ್ತಾಳಿ ಕೊಡದ ಫೋಟೋ ತೆಗೆಯಾಕ ಬರ್ತಿದ್ದದ್ದು ನನಗೊಬ್ಬನಿಗೇ. ಆಗ ಹಾನಗಲ್ಲಿನ ಒಂದು ಸ್ಟುಡಿಯೋದಾಗ ಕೆಲಸಕ್ಕಿದ್ದೆ. ಚಿಕ್ಕೇರೂರಿನ ಗೌರವ್ವ ಮಗಳ ಮದುವಿಗೆ ಕೊಡೋ ಪಾತ್ರೆಗಳ ಫೋಟೋ ಬೇಕಂದಿದ್ಲು. ಹಾಸಿಗಿ ಹಿಡಿದಿದ್ದ ಬೀಗತಿ ಅದರಾಗೇ ಎಲ್ಲಾ ನೋಡಬೇಕಿತ್ತು. ಮೊದಲ ಸಲ ತೆಗೆದ ಫೋಟೋದಾಗ ಕೊಡ ಕಾಣಲಿಲ್ಲ, ಬರೀ ಬಿಳಿ ಹೊಳಪು. "ಈ ಸಲಾನೂ ಕೆಡಿಸಿದ್ರ ಕ್ಯಾಮೆರಾ ಮುಟ್ಟಬ್ಯಾಡ" ಅಂದ ಮಾಲಕ.

ಮತ್ತ ಹೋದೆ. ಗೌರವ್ವ ಹುಣಸಿಹಣ್ಣು ಹಚ್ಚಿ ತಿಕ್ಕಿ, ಮೊದಲಿಗಿಂತ ಹೆಚ್ಚ ಬೆಳಗಿಟ್ಟಿದ್ಲು. ನಾನೇನು ಕಡಿಮಿ? ಹೊಳಪು ಕ್ಯಾಮೆರಾಕ್ಕ ಹೊಡೀಬಾರದಂತ ಒಲಿ ಬೂದಿ ನೀರಾಗ ಕಲಸಿ ಎಲ್ಲಾ ಕೊಡಕ್ಕೂ ತೆಳ್ಳಗ ಬಳಿದು ಒಣಗಿಸಿಬಿಟ್ಟೆ.

"ನಿನ್ನ ಕೈ ಸೇದಿ ಹೋಗ್ಲಿ! ಈ ಮನಿ ಹೆಂಗಸ್ರು ಪಾತ್ರೆ ತಿಕ್ಕಂಗಿಲ್ಲ ಅಂತಾಳ ಬೀಗತಿ. ಮಗಳ ಮದುವಿ ಮುರೀತದೋ!"

"ಮುರಿದ್ರ ನಾನ ಮಾಡ್ಕೊತೇನಿ, ಸುಮ್ನಿರ್ಬೇ ಯವ್ವಾ" ಅಂದೆ. ಆಕಿ ಸೌಟು ಎತ್ಕೊಂಡು ಬರೋದ್ರಾಗ ಫೋಟೋ ತೆಗೆದಾಗಿತ್ತು.

ಮುಂದಿನ ವಾರ ಫೋಟೋ ಒಯ್ದು ಕೊಟ್ಟೆ. ಕೊಡದ ದುಂಡನ ಮೈ, ಅದರ ಮ್ಯಾಲ ಕೊರೆಸಿದ್ದ ಮಗಳ ಹೆಸರು, ಎಲ್ಲಾ ಎದ್ದು ಕಾಣ್ತಿತ್ತು. ಗೌರವ್ವ ಮತ್ತ ಮತ್ತ ನೋಡಿ, "ಬೂದಿ ಎಲ್ಲಿ ಹೋತೋ? ಬೀಗತಿ ಮೆಚ್ಚತಾಳ ಬಿಡು. ಉಣ್ಣಾಕ ಕುಂಡ್ರು" ಅಂದ್ಲು.

ಮನಿಯವರ ಮುಂದೆಲ್ಲಾ ಫಳಫಳ ಹಿತ್ತಾಳಿ ತಾಟು ಬಂದ್ವು.

"ನನಗ?" ಅಂದೆ.

"ನಿನ್ನ ಕೈಗೆ ಹಿತ್ತಾಳಿ ಕೊಟ್ರ ಅದಕ್ಕೇನು ಬಳೀತಿಯೋ ಯಾರಿಗ್ಗೊತ್ತು!"

ನನಗ ಕೊಟ್ಟದ್ದು ಬಾಳಿ ಎಲಿ.