ಡಾಕ್ಟರ್ ಬಾಯಿಯ ಸೊಂಟದ ದಿಂಡಿ

ಮೊನ್ನೆ ಬೆಳಿಗ್ಗೆ ಹಟ್ಟಿಕೇರಿಯ ರಸ್ತೆಯಲ್ಲಿ ನಡೆಯುವಾಗ ಯಾರೋ ಗೇರುಬೀಜ ಸುಡುತ್ತಿದ್ದರು. ಆ ಕಮಟು ಹೊಗೆ ಮೂಗಿಗೆ ಬಡಿದದ್ದೇ ತಡ, ಕಪ್ಪು ಕೊಡೆ ಹಿಡಿದು ಮುಂದೆ ಮುಂದೆ ನಡೆಯುತ್ತಿದ್ದ ನಮ್ಮೂರಿನ ಡಾಕ್ಟರಮ್ಮ, ಎಲ್ಲರೂ ಕರೆಯುತ್ತಿದ್ದಂತೆ 'ಡಾಕ್ಟರ್ ಬಾಯಿ', ನೆನಪಾದರು...

ತೊಂಬತ್ತರ ದಶಕದ ಮೊದಲ ವರ್ಷಗಳು. ಅಪ್ಪ ಅಂಕೋಲಾ ಪೇಟೆಯಲ್ಲಿ ಮೂಟೆ ಹೊರುತ್ತಿದ್ದ. ಒಂದು ದಿನ ಸೊಂಟ ಹಿಡಿದುಕೊಂಡಿದ್ದೇ, ಮೂರು ವಾರ ಚಾಪೆ ಬಿಟ್ಟು ಏಳಲಿಲ್ಲ. ಬೆನ್ನುಮೂಳೆ ಮುರಿದೇ ಹೋಗಿದೆ, ಇನ್ನು ದುಡಿಮೆ ಇಲ್ಲ ಎಂದು ಅವನ ನಂಬಿಕೆ. ಅರ್ಗಾದ ದೊಡ್ಡಪ್ಪ ಮಂಗಳೂರಿನಲ್ಲಿ ಸ್ಕ್ಯಾನ್ ಮಾಡಿಸಿಕೊಂಡು ಬಂದಿದ್ದ. 'ಡಿಸ್ಕ್ ಸವೆದಿದೆ' ಎಂದು ಓದಿಸಿಕೊಂಡಂದಿನಿಂದ ಅವನು ಕೊಡಪಾನ ಎತ್ತಲೂ ಹೆದರಿ ಮಂಚ ಹಿಡಿದಿದ್ದ. ಅದನ್ನು ಕಂಡೂ ನನಗೆ ಬುದ್ಧಿ ಬರಲಿಲ್ಲ. ಅಪ್ಪನಿಗೂ ಸ್ಕ್ಯಾನ್ ಆಗಲೇಬೇಕೆಂದು ಮಂಗಳೂರಿಗೆ ಜೀಪು ಗೊತ್ತು ಮಾಡಿದವಳು ನಾನೇ.

ಸ್ಕ್ಯಾನಿಗೆ ಚೀಟಿ ಬರೆಸಲು ಅಪ್ಪನನ್ನು ಡಾಕ್ಟರ್ ಬಾಯಿಯ ದವಾಖಾನೆಗೆ ಕರೆದೊಯ್ದೆ. ಬಿದ್ದಿದ್ದೆಯಾ, ಜ್ವರ ಬರುತ್ತದೆಯೇ, ಮೈ ಇಳಿದಿದೆಯೇ, ಮೂತ್ರ ಸರಿಯಾಗಿ ಹೋಗುತ್ತದೆಯೇ... ಅರ್ಧ ಗಂಟೆ ಕೇಳಿದರು. ಕಡ್ಡಿಯಿಂದ ಪಾದ ಗೀರಿದರು, ಹೆಬ್ಬೆರಳು ಎತ್ತಿಸಿದರು. ಕೊನೆಗೆ ಚೀಟಿ ಬರೆಯದೆ ಪೆನ್ನಿಗೆ ಮುಚ್ಚಳ ಹಾಕಿದರು.

"ಬಡವ್ರು ಅಂತೇಳಿ ಬೇಡ ಅಂತ್ರಾ?" ಎಂದುಬಿಟ್ಟೆ.

ಅವರು ಸಿಟ್ಟಾಗಲಿಲ್ಲ. "ನನ್ ಅಣ್ಣ ಆಗಿದ್ರೂ ಇದೇ ಹೇಳ್ತಿದ್ದೆ, ತಂಗಿ. ಈ ವಯಸ್ಸಲ್ಲಿ ಯಾರ ಬೆನ್ನಿನ ಫೋಟೋ ತೆಗೆದ್ರೂ ಸವೆದದ್ದು ಕಾಣ್ತದೆ. ನೋವು ಅದ್ರಿಂದ್ಲೇ ಅಂತ ಹೇಳೂಕೆ ಬರೂದಿಲ್ಲ. ನಾಳಿಂದ ನನ್ ಸಂಗ್ತಿಗೆ ನಡೀಲಿ. ಕಾಲು ಸೋತ್ರೆ, ಮೂತ್ರ ಕಟ್ಟಿದ್ರೆ ಆ ದಿನವೇ ನಾನೇ ಜೀಪ್ ಹತ್ತಿಸ್ತೆ."

ದವಾಖಾನೆ ತೆಗೆಯುವ ಮೊದಲು ಅವರು ಗೇರುಬೀಜದ ಕಾರ್ಖಾನೆಯವರೆಗೆ ನಡೆಯುತ್ತಿದ್ದರು. ಹಿಂದೆ ಸೊಂಟ ಹಿಡಿದುಕೊಂಡವರ ಸಾಲು. ಪಂಢರಪುರದ ಯಾತ್ರೆಯ ಸಾಲಿಗೆ ಹೋಲಿಸಿ, 'ಸೊಂಟದ ದಿಂಡಿ ಹೊರಟಿತು' ಎಂದು ಪೇಟೆಯವರು ನಗುತ್ತಿದ್ದರು. ನನಗೂ ನಾಚಿಕೆಯೇ ಆಗಿತ್ತು. ಆದರೆ ಅವರು ನಾಲ್ಕು ಹೆಜ್ಜೆಗೊಮ್ಮೆ ತಿರುಗಿ ಒಬ್ಬೊಬ್ಬರ ಕಾಲು ನೋಡುತ್ತಿದ್ದರು. ಮೀನು ಮಾರುವ ಒಬ್ಬಾಕೆಯ ಪಾದ ಎಳೆಯುವುದನ್ನು ಕಂಡು, ನಡಿಗೆ ಅಲ್ಲಿಗೇ ನಿಲ್ಲಿಸಿ ಅಂದೇ ಹುಬ್ಬಳ್ಳಿಗೆ ಕಳಿಸಿದರು. ಅಂದಿಗೆ ನನ್ನ ನಾಚಿಕೆ ಬಿಟ್ಟಿತು.

ಅಪ್ಪ ಮೊದಲ ದಿನ ಬಸ್ ನಿಲ್ದಾಣವನ್ನೂ ಮುಟ್ಟಲಿಲ್ಲ. ಎರಡನೆಯ ವಾರ ಕಾರ್ಖಾನೆ ಮುಟ್ಟಿ ಬಂದ. ಮಳೆಗಾಲಕ್ಕೆ ಮೊದಲು ಮತ್ತೆ ಮೂಟೆಗೆ ಹೋದ. ಜೀಪಿನವನಿಗೆ ಬೇಡವೆಂದು ಹೇಳಿ ಬಂದವಳೂ ನಾನೇ.

ಕೆಲವು ವರ್ಷಗಳ ನಂತರ ಡಾಕ್ಟರ್ ಬಾಯಿ ತೀರಿಕೊಂಡರು. ಚಟ್ಟಕ್ಕೆ ಹೆಗಲು ಕೊಡಲು ದಿಂಡಿಯವರೆಲ್ಲ ನುಗ್ಗಿದ್ದರು. ಮುಂದೆ ಅಪ್ಪ. "ಸೊಂಟ ಜೋಪಾನ, ಮಾರಾಯಾ" ಎಂದರು ಯಾರೋ.

"ಗಟ್ಟಿ ಉಂಟು" ಎಂದ ಅಪ್ಪ. ಅಳುತ್ತಲೇ ಇದ್ದ, ಹೆಗಲು ಮಾತ್ರ ಯಾರಿಗೂ ಬಿಟ್ಟುಕೊಡಲಿಲ್ಲ.

ಈಗ ಎರಡು ವಾರದಿಂದ ನನ್ನದೇ ಸೊಂಟ ನೋಯುತ್ತಿದೆ. ಊರಿನ ಹೊಸ ಡಾಕ್ಟರ್ ಹುಡುಗಿಯೂ ಅದೇ ಪ್ರಶ್ನೆಗಳನ್ನು ಕೇಳಿ, ಸ್ಕ್ಯಾನ್ ಬೇಡ, ನಡೆಯಿರಿ ಎಂದಳು. ನಡೆಯುತ್ತಿದ್ದೇನೆ... ಮುಂದೆ ಆ ಕಪ್ಪು ಕೊಡೆ ಇಲ್ಲ. ನಾಲ್ಕು ಹೆಜ್ಜೆಗೊಮ್ಮೆ ತಿರುಗಿ ನೋಡುವವರಿಲ್ಲದೆ, ನನ್ನ ಕಾಲನ್ನು ನಾನೇ ನೋಡಿಕೊಳ್ಳುತ್ತೇನೆ.