ಬಾಗಿಲ ಬಳಿಯ ಕುರ್ಚಿ

ಮನೆಯಿಲ್ಲದ ಯುವಜನರ ಮಾನಸಿಕ ಆರೋಗ್ಯವೆಂಬುದು ಭಾಷಣಗಳಲ್ಲಷ್ಟೇ ಕೇಳಿಬರುತ್ತಿದ್ದ ಕಾಲದಲ್ಲಿ, ಅದನ್ನೇ ಮೂವತ್ತೊಂದು ವರ್ಷಗಳ ದಿನಚರಿಯಾಗಿಸಿಕೊಂಡವರು, ಈಗ ನಿವೃತ್ತರಾಗುತ್ತಿರುವ ನಮ್ಮ ಆಸ್ಪತ್ರೆಯ ಹಿರಿಯ ಆಪ್ತಸಮಾಲೋಚಕಿಯವರು. ವೈದ್ಯರಿಂದ ಹಿಡಿದು ಗೇಟಿನ ಕಾವಲುಗಾರರವರೆಗೆ ಎಲ್ಲರಿಗೂ ಅವರು ‘ದೊಡ್ಡಕ್ಕ’. ಹೊಗಳಿದರೆ ಅವರಿಗೆ ಮೈಯೆಲ್ಲ ಉರಿ. ಇದೊಂದು ಸಲ ಸಹಿಸಿಕೊಳ್ಳಲಿ, ಬೇರೆ ದಾರಿಯಿಲ್ಲ.

ಸೇವೆಗೆ ಸೇರಿದ ಎರಡನೆಯ ವರ್ಷ ದೊಡ್ಡಕ್ಕನವರು ಒಂದು ತಪ್ಪು ಮಾಡಿದರು. ಅಭಿನಂದನ ಗ್ರಂಥದಲ್ಲಿ ತಪ್ಪಿನ ಮಾತೇಕೆಂದು ಮೂಗು ಮುರಿಯುವವರು ಮುರಿಯಲಿ. ಅದನ್ನು ಬರೆಯಲೇಬೇಕೆಂದು ಹಟ ಹಿಡಿದವರು ಅವರೇ. ಬಸ್ ನಿಲ್ದಾಣದಲ್ಲಿ ದಿನ ದೂಡುತ್ತಿದ್ದ ಹದಿನೆಂಟರ ಹುಡುಗಿಯೊಬ್ಬಳು, ಯಾರೋ ಬೆನ್ನು ಹತ್ತಿದ್ದಾರೆಂದು ನಡುಗುತ್ತ ಬಂದಳು. ವೈದ್ಯರು ನಿದ್ದೆಯ ಮಾತ್ರೆ ಬರೆದುಕೊಟ್ಟರು. ಮೂರು ವಾರವಾದರೂ ಆಕೆ ಒಂದನ್ನೂ ನುಂಗಿರಲಿಲ್ಲ. ‘ಚಿಕಿತ್ಸೆಗೆ ಸಹಕರಿಸುವುದಿಲ್ಲ’ ಎಂದು ದೊಡ್ಡಕ್ಕನವರು ಕಡತದಲ್ಲಿ ದುಂಡಗೆ ಬರೆದು, ಗದರಿಯೂ ಬಿಟ್ಟರು.

“ನಿಂಗೆ ವಾಸಿಯಾಗೋದು ಬೇಡ್ವೇನಮ್ಮಾ?”

“ಬೇಕು ಅಕ್ಕಾ. ಆದ್ರೆ ಬಸ್ ಸ್ಟ್ಯಾಂಡಲ್ಲಿ ಮೈಮರೆತು ಮಲಗಿಬಿಟ್ರೆ ನನ್ನ ಯಾರು ಕಾಯ್ತಾರೆ? ಚೀಲಾನೇ ಎರಡು ಸಲ ಹೋಯ್ತು” ಎಂದವಳೇ ಹುಡುಗಿ ಎದ್ದು ಹೊರಟುಹೋದಳು.

ದೊಡ್ಡಕ್ಕನವರಿಗೆ ಕಪಾಳಕ್ಕೆ ಬಾರಿಸಿದಂತಾಯಿತು. ಆ ಜೀವಕ್ಕೆ ಎಚ್ಚರವೊಂದೇ ಬಾಗಿಲಿನ ಚಿಲಕ. ಅದನ್ನೇ ಕಾಯಿಲೆಯೆಂದು ಕಿತ್ತುಹಾಕಲು ಹೊರಟಿದ್ದರಲ್ಲ! ನಾಲ್ಕು ದಿನ ನಿಲ್ದಾಣವನ್ನೆಲ್ಲ ಸುತ್ತಿ, ಕೊನೆಗೂ ಆಕೆಯನ್ನು ಹುಡುಕಿ ಕ್ಷಮೆ ಕೇಳಿದರು. ಹಳೆಯ ಕಡತಗಳ ಕೋಣೆಯನ್ನು ಖಾಲಿ ಮಾಡಿಸಿ, ನಾಲ್ಕು ಮಂಚ ಹಾಕಿಸಿ, ಬೀದಿಯ ಮಕ್ಕಳಿಗೆ ಹಗಲಲ್ಲಿ ಮಲಗಲು ಬಿಟ್ಟರು. ಬಾಗಿಲಲ್ಲಿ ಕುರ್ಚಿ ಹಾಕಿ, ಅವರ ಚೀಲಗಳನ್ನು ಕಾಲಬುಡದಲ್ಲಿಟ್ಟುಕೊಂಡು ತಾವೇ ಕಾವಲು ಕೂತರು. ಮೊದಲು ನಿದ್ದೆ, ಆಮೇಲೆ ಮಾತು, ಬೇಕಿದ್ದರಷ್ಟೇ ಮಾತ್ರೆ ಎಂಬುದು ಅಂದಿನಿಂದ ಅವರ ಕ್ರಮವಾಯಿತು.

“ಇದೇನು ಆಸ್ಪತ್ರೆನೋ ಲಾಡ್ಜೋ?” ಎಂದು ಮೇಲಧಿಕಾರಿಗಳು ಕೂಗಾಡಿದಾಗ, “ಏನಾದ್ರೂ ಅಂದ್ಕೊಳ್ಳಿ ಸಾರ್, ಸ್ವಲ್ಪ ಮೆಲ್ಲಗೆ ಅನ್ನಿ. ಮಕ್ಕಳು ಮಲಗಿದ್ದಾರೆ” ಎಂದರಂತೆ.

ಆ ಹುಡುಗಿ ಚೇತರಿಸಿಕೊಳ್ಳಲು ಎರಡು ವರ್ಷ ಹಿಡಿಯಿತು. ನಡುವೆ ಎರಡು ಬಾರಿ ಕಾಣೆಯಾಗಿ, ಎರಡು ಬಾರಿಯೂ ಆ ಮಂಚಕ್ಕೇ ಮರಳಿದಳು. ಈಗ ತಲೆ ನರೆಯುತ್ತಿರುವ ಆಕೆಯೇ ಕೋಣೆಯ ಉಸ್ತುವಾರಿ.

ಕಳೆದ ವಾರ, ಬೀಳ್ಕೊಡುಗೆಯ ಓಡಾಟದಿಂದ ದಣಿದ ದೊಡ್ಡಕ್ಕನವರು ಅದೇ ಕುರ್ಚಿಯಲ್ಲಿ ತೂಕಡಿಸಿ, “ಅಯ್ಯೋ, ಚೀಲಗಳು!” ಎಂದು ಗಾಬರಿಯಿಂದ ಎಚ್ಚೆತ್ತರು.

“ಮಲಗಿ ಅಕ್ಕಾ. ಎಲ್ಲಾ ಇಲ್ಲೇ ಇದೆ, ನಿಮ್ಮ ಚೀಲಾನೂ ನನ್ನ ಹತ್ರಾನೇ ಇದೆ” ಎಂದಳು ಆಕೆ.

ದೊಡ್ಡಕ್ಕನವರು ನೂರ್ಕಾಲ ಬಾಳಲಿ. ವಾರಕ್ಕೆರಡು ದಿನ ಬಂದು ನಮ್ಮನ್ನು ಗದರುತ್ತಿರಲಿ. ಉಳಿದ ದಿನಗಳಲ್ಲಿ ನಿಶ್ಚಿಂತೆಯಿಂದ ನಿದ್ದೆ ಮಾಡಲಿ. ಬಾಗಿಲ ಬಳಿಯ ಕುರ್ಚಿ ಖಾಲಿಯಿಲ್ಲ.