ಸೋತ ಜಾಗ ಕೇಳುವ ಬೀಗದಕ್ಕ

ಬೆಳಗಿನ ಐದೂವರೆ. ಮೂರನೇ ಮಹಡಿಯ ಕೋಣೆಯಲ್ಲಿ ಇಪ್ಪತ್ತು ಕುರ್ಚಿಗಳಿವೆ, ಜನ ಇರುವುದು ಒಂದರಲ್ಲಿ ಮಾತ್ರ. ಬೀಗ ಬಿದ್ದ ಖಾತೆಗಳನ್ನು ಒಡೆಯರಿಗೆ ತೆರೆದುಕೊಡುವುದರಿಂದ ಸಹೋದ್ಯೋಗಿಗಳು ‘ಬೀಗದಕ್ಕ’ ಎಂದೇ ಕರೆಯುವ ಈಕೆ ಹೆಡ್‌ಫೋನ್ ಏರಿಸಿಕೊಂಡು ದಿನದ ಮೊದಲ ಕರೆಗೆ ಕಿವಿಗೊಡುತ್ತಾರೆ. ವರದಿಗೆಂದು ಬಂದ ನಾನು ಇನ್ನೊಂದು ಹೆಡ್‌ಫೋನ್ ಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದೇನೆ. ಮಧ್ಯಾಹ್ನದೊಳಗೆ ಇನ್ನೂ ಐವತ್ತೊಂಬತ್ತು ಕರೆ ಬಾಕಿ.

ಮೂರು ವಾರದ ಹಿಂದೆ ಈ ಆನ್‌ಲೈನ್ ಆಟದ ಕಂಪನಿಗೆ ಕನ್ನ ಬಿತ್ತು. ಲಕ್ಷಾಂತರ ಆಟಗಾರರ ಪಾಸ್‌ವರ್ಡ್, ಹುಟ್ಟಿದ ದಿನ, ತಾಯಿಯ ಹೆಸರು ಎಲ್ಲವೂ ಕಳ್ಳರ ಪಾಲಾದವು. ಈಗ ಒಂದೇ ಖಾತೆಗೆ ಇಬ್ಬಿಬ್ಬರು ಒಡೆಯರು. ತಮಾಷೆಯೆಂದರೆ, ಗುರುತಿನ ಪ್ರಶ್ನೆಗಳಿಗೆ ಕಳ್ಳ ಪಟಪಟನೆ ಉತ್ತರಿಸುತ್ತಾನೆ. ತಡವರಿಸುವವರು ನಿಜವಾದ ಒಡೆಯರು.

ಮೊದಲ ದಿನ ಅಕ್ಕನೂ ಮೋಸ ಹೋದರು. ಒಬ್ಬ ಹಿರಿಯ ದರ್ಜಿಯ ಖಾತೆಯನ್ನು ಕಳ್ಳನಿಗೆ ಒಪ್ಪಿಸಿಬಿಟ್ಟರು. ದರ್ಜಿ ಮತ್ತು ತೀರಿಕೊಂಡ ಅವರ ಹೆಂಡತಿ ಆರು ವರ್ಷ ಕೂತು ಕಟ್ಟಿದ ಊರು ಅದರಲ್ಲಿತ್ತು. “ರೂಲ್ಸ್ ಪ್ರಕಾರಾನೇ ಕೊಟ್ಟೆ. ಆದ್ರೂ ಎರಡು ದಿನ ಅನ್ನ ಗಂಟಲಲ್ಲಿ ಇಳೀಲಿಲ್ಲ” ಎನ್ನುತ್ತಾರೆ.

ದರ್ಜಿ ದೂರು ಕೊಟ್ಟ ಮೇಲೆ ಖಾತೆಗೆ ತಡೆ ಬಿತ್ತು. ತೀರ್ಮಾನಕ್ಕೆ ಇವತ್ತೇ ಕೊನೆಯ ದಿನ. ತಪ್ಪಿದರೆ ಊರು ಕಳ್ಳನಿಗೇ.

ಅಕ್ಕ ಹಿಂದೆ ಹದಿನಾಲ್ಕು ವರ್ಷ ರೈಲು ನಿಲ್ದಾಣದಲ್ಲಿ, ಪ್ರಯಾಣಿಕರು ಕಳೆದುಕೊಂಡ ಸಾಮಾನು ಹಿಂತಿರುಗಿಸುವ ಕೌಂಟರಿನಲ್ಲಿದ್ದವರು. “ಬ್ಯಾಗಿನ ಬಣ್ಣ ಯಾರು ಬೇಕಾದ್ರೂ ಹೇಳ್ತಾರೆ. ಎಲ್ಲಿ ಹರಿದಿದೆ ಅಂತ ಹೇಳೋನು ಹೊತ್ತು ತಿರುಗಿದೋನೇ.” ಆ ಹಳೆಯ ಬುದ್ಧಿಯೇ ಇಲ್ಲೂ ಕೈ ಹಿಡಿದಿದೆ. ಯಾರು ಎಲ್ಲಿ ಎಷ್ಟು ಸಲ ಸೋತರೆಂಬ ದಾಖಲೆ ಕಂಪನಿಯಲ್ಲಿ ಬೇರೆಯೇ ಇದೆ. ಕಳ್ಳರಿಗೆ ಅದು ಸಿಕ್ಕಿಲ್ಲ.

ಮೇಲಧಿಕಾರಿಯ ಒಪ್ಪಿಗೆ ಪಡೆದು, ಊರು ತನ್ನದೆನ್ನುವ ಇಬ್ಬರಿಗೂ ಸರದಿಯಲ್ಲಿ ಒಂದೇ ಪ್ರಶ್ನೆ ಹಾಕುತ್ತಾರೆ: “ಆಟದಲ್ಲಿ ಎಲ್ಲಿ ಸೋತ್ರಿ?”

ಮೊದಲಿನವನು ನಗುತ್ತಾನೆ. “ನಾನಾ? ಸೋತೇ ಇಲ್ಲ ಮೇಡಂ!”

ದರ್ಜಿ ನಿಟ್ಟುಸಿರು ಬಿಡುತ್ತಾರೆ. “ಆ ಹಾಳು ಸೇತುವೆ ಕಣಮ್ಮಾ! ಹನ್ನೊಂದು ಸಲ ಕಟ್ಟಿದ್ವಿ, ಹನ್ನೊಂದು ಸಲಾನೂ ಹೊಳೆ ಪಾಲು. ‘ಊರೋರ ಪ್ಯಾಂಟಿಗೆಲ್ಲಾ ಅಳತೆ ಹಿಡೀತೀರಿ, ಒಂದು ಸೇತುವೆ ಅಳತೆ ಗೊತ್ತಾಗಲ್ವಾ’ ಅಂತ ನನ್ನವಳು ಬೈಯೋಳು.”

ಪರದೆಯ ಮೇಲೂ ಹನ್ನೊಂದೇ. ಅಕ್ಕ ಗುಂಡಿ ಒತ್ತುತ್ತಾರೆ. “ತಗೊಳ್ಳಿ ಯಜಮಾನ್ರೇ, ನಿಮ್ಮೂರು ನಿಮಗೆ.” ಆ ಕಡೆಯಿಂದ ಮೂಗು ಸೀಟುವ ಸದ್ದು. ನನ್ನ ಕಣ್ಣೂ ಒದ್ದೆಯಾಗಿತ್ತೆಂದು ಬರೆಯಲು ನನಗೇನೂ ನಾಚಿಕೆಯಿಲ್ಲ.

ಏನಾದರೂ ಆಸೆ ಇದೆಯೇ ಎಂದು ಅಕ್ಕನನ್ನು ಕೇಳಿದೆ. “ಈ ಪ್ರಶ್ನೆ ರೂಲ್ಸ್‌ಗೆ ಸೇರಿಸ್ಲಿ, ಅಷ್ಟೇ. ನನ್ನ ಕೈಯಿಂದ ಹೋಗಿದ್ದು ನನ್ನ ಕೈಯಿಂದಾನೇ ವಾಪಸ್ ಹೋಯ್ತಲ್ಲ, ಇವತ್ತು ಊಟ ರುಚಿಸತ್ತೆ.”